ಸಾಲದ ಸಮೀಕ್ಷೆಗೆ ಕಂಪ್ಯೂಟರ್ ಲೆಕ್ಕ: ಯಾವುದನ್ನು ಆರಿಸಬೇಕು?

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ ಕೇಳೋದಕ್ಕೆ ಹೋದಾಗ ನಮ್ಮ ಮುಂದೆ ಬರುವ ಮೊದಲ ಪ್ರಶ್ನೆ ಯಾವುದು? "ನಿಮ್ಮ ಹತ್ತಿರ ಅಂಕಿ ಅಂಶ ಏನಿದೆ?" ಸಾಲ ಮನ್ನಾ ಕೇಳಿದರೂ ಅದೇ ಪ್ರಶ್ನೆ. ನಾವು ಏನು ಹೇಳ್ತೀವಿ? "ನಮ್ಮೂರಲ್ಲಿ ಸಾಲ ಇಲ್ಲದ ಮನೆಯೇ ಇಲ್ಲ ಸ್ವಾಮಿ, ಬಂದು ನೋಡಿ" ಅಂತೀವಿ. ಹೇಳಿದ್ದು ನಿಜವೇ. ಆದರೆ ಮೇಜಿನ ಆಚೆ ಕೂತವರು ಅದನ್ನು ಬರೆದುಕೊಳ್ಳುವುದಿಲ್ಲ. ಅವರ ಫೈಲಿಗೆ ಸಂಖ್ಯೆ ಬೇಕು.

ಸರ್ಕಾರದ ಹತ್ತಿರ ಸಂಖ್ಯೆ ಇಲ್ಲವೇ? ಇದೆ. 2019ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ ದೇಶದ ಬೇಸಾಯದ ಕುಟುಂಬಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನೂರಕ್ಕೆ 50.2, ಸಾಲದಲ್ಲಿದ್ದವು. ಒಂದೊಂದು ಕುಟುಂಬದ ತಲೆ ಮೇಲೆ ಸರಾಸರಿ 74,121 ರೂಪಾಯಿ. ಕರ್ನಾಟಕದಲ್ಲಿ ಸಾಲದಲ್ಲಿದ್ದ ಕುಟುಂಬಗಳು ನೂರಕ್ಕೆ 67ಕ್ಕೂ ಹೆಚ್ಚು, ಸರಾಸರಿ ಸಾಲ 1,26,240 ರೂಪಾಯಿ. ಈ ಅಂಕಿ ನಮಗೆ ಉಪಯೋಗಕ್ಕೆ ಬರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅವರು ಹೋದದ್ದು ಇಡೀ ದೇಶದಲ್ಲಿ 45 ಸಾವಿರ ಚಿಲ್ಲರೆ ಮನೆಗಳಿಗೆ. ಅದರಲ್ಲಿ ನಿಮ್ಮ ತಾಲ್ಲೂಕಿನ ಮನೆ ಎಷ್ಟು? ನಿಮ್ಮ ಹೋಬಳಿಯದು ಎಷ್ಟು? ಒಂದೂ ಇಲ್ಲದಿರಬಹುದು. ನಿಮ್ಮ ಸೊಸೈಟಿಯ ಬಾಕಿ, ನಿಮ್ಮ ಕಡೆಯ ಮೈಕ್ರೋ ಫೈನಾನ್ಸಿನ ವಾರದ ಕಂತು, ನಿಮ್ಮ ಬೋರ್‌ವೆಲ್ ಬತ್ತಿದ ಲೆಕ್ಕ, ಇವು ಆ ಪುಸ್ತಕದಲ್ಲಿ ಸಿಗುವುದಿಲ್ಲ.

ಅದಕ್ಕೇ ನಮ್ಮ ಹುಡುಗರು ತಾವೇ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡುತ್ತೇವೆ ಎಂದು ಹೊರಟಿದ್ದಾರೆ. ಒಳ್ಳೆಯ ಕೆಲಸ. ಈಗ ಅವರು ಕೇಳುವ ಪ್ರಶ್ನೆ ಒಂದೇ: "ಫಾರಂ ತುಂಬಿಸಿ ತಂದೆವು, ಲೆಕ್ಕ ಹಾಕಲು ಯಾವ ಸಾಫ್ಟ್‌ವೇರ್ ತಗೋಬೇಕು?" ಇವತ್ತು ಅದರ ಬಗ್ಗೆ ಮಾತಾಡುತ್ತೇನೆ. ಇದೇನು ಕಂಪ್ಯೂಟರ್ ಕಲಿತವರ ಮಾತು, ನಮಗ್ಯಾಕೆ ಅಂತ ಹಿರಿಯರು ಎದ್ದು ಹೋಗಬೇಡಿ. ತಕ್ಕಡಿ ಯಾರ ಕೈಯಲ್ಲಿದೆ ಎಂದು ಮಂಡಿಯಲ್ಲಿ ನೋಡುವವರು ನೀವು. ಇದೂ ತಕ್ಕಡಿಯ ವಿಚಾರವೇ.

1980ರಲ್ಲಿ ನರಗುಂದ, ನವಲಗುಂದದ ರೈತರು ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದರು. ನಾಲೆ ಬಂತು, ನಿಮ್ಮ ಹೊಲದ ಬೆಲೆ ಏರಿತು, ಆದ್ದರಿಂದ ಎಕರೆಗೆ ಇಷ್ಟು ಕಟ್ಟಿ ಎಂಬ ಲೆಕ್ಕ ಅದು. ಲೆಕ್ಕ ಬರೆದವರು ಒಬ್ಬರು, ಕಟ್ಟಬೇಕಾದವರು ಇನ್ನೊಬ್ಬರು. ಇನ್ನು ಮುಂದೆ ನಾವೂ ಲೆಕ್ಕ ಬರೆಯಬೇಕು. ಅದು ಹೇಗಿರಬೇಕು? ಅಧಿಕಾರಿಯಾಗಲಿ, ಬ್ಯಾಂಕಿನವರಾಗಲಿ ಬಿಚ್ಚಿ ನೋಡಿದರೂ ಬೀಳಬಾರದು. ಒಂದು ಕಡೆ ತಪ್ಪು ಸಿಕ್ಕರೆ ಸಾಕು, "ಇವರ ಬೇಡಿಕೆಯೇ ಸುಳ್ಳು" ಅಂದುಬಿಡುತ್ತಾರೆ.

ಒಂದು ಹಾಳೆಯ ತಪ್ಪು ಏನು ಮಾಡಿತು

ಇದು ಬರೀ ಹೆದರಿಕೆಯ ಮಾತಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗೋಫ್ ಎಂಬ ಅಮೆರಿಕದ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ಒಂದು ಲೇಖನ ಬರೆದರು. ಯಾವುದೇ ದೇಶದ ಸರ್ಕಾರದ ಸಾಲ ಆ ದೇಶದ ಒಟ್ಟು ಉತ್ಪನ್ನದ ನೂರಕ್ಕೆ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಅದರಲ್ಲಿ ಹೇಳಿದ್ದರು. ಅಂಥ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಮೈನಸ್ 0.1 ಎಂದು ತೋರಿಸಿದ್ದರು. ಯೂರೋಪ್, ಅಮೆರಿಕದ ರಾಜಕಾರಣಿಗಳು ಇದನ್ನು ಹಿಡಿದುಕೊಂಡು ಜನರ ಮೇಲಿನ ಸರ್ಕಾರಿ ಖರ್ಚು ಕಡಿತ ಮಾಡಬೇಕು ಎಂದು ವಾದಿಸಿದರು.

2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಲೆಕ್ಕದ ಎಕ್ಸೆಲ್ ಹಾಳೆಯನ್ನು ಲೇಖಕರಿಂದಲೇ ಕೇಳಿ ತರಿಸಿಕೊಂಡ. ನೋಡಿದರೆ ಸರಾಸರಿಯ ಸೂತ್ರ 20 ದೇಶಗಳ ಪೈಕಿ 5 ದೇಶಗಳನ್ನು ಬಿಟ್ಟೇ ಬಿಟ್ಟಿತ್ತು. ಇನ್ನೊಂದು ಲೋಪ, ನ್ಯೂಜಿಲೆಂಡಿನ ಒಂದೇ ಒಂದು ವರ್ಷಕ್ಕೂ ಬ್ರಿಟನ್ನಿನ 19 ವರ್ಷಗಳಿಗೂ ಒಂದೇ ತೂಕ ಕೊಟ್ಟಿದ್ದರು. ಕೆಲವು ವರ್ಷಗಳ ಅಂಕಿಗಳು ಸೇರಿಯೇ ಇರಲಿಲ್ಲ. ಹರ್ನ್‌ಡನ್ ಮತ್ತು ಅವನ ಇಬ್ಬರು ಅಧ್ಯಾಪಕರು ಎಲ್ಲವನ್ನೂ ಸರಿಮಾಡಿ ಲೆಕ್ಕ ಹಾಕಿದಾಗ ಮೈನಸ್ 0.1 ಇದ್ದದ್ದು 2.2 ಆಯಿತು. ಸೂತ್ರದ ತಪ್ಪನ್ನು ಲೇಖಕರೂ ಒಪ್ಪಿಕೊಂಡರು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ಇದರಲ್ಲಿ ನಮಗೆ ಎರಡು ಪಾಠ. ಲೆಕ್ಕ ತಪ್ಪಿದ್ದು ಕಾಣದ ಜಾಗದಲ್ಲಿ, ಹಾಳೆಯ ಒಂದು ಚೌಕದೊಳಗೆ. ತಪ್ಪು ಸಿಕ್ಕಿದ್ದು ಹಾಳೆಯನ್ನು ಇನ್ನೊಬ್ಬನು ಬಿಚ್ಚಿ ನೋಡಲು ಆದದ್ದರಿಂದ. ಸಾಫ್ಟ್‌ವೇರ್ ಆರಿಸುವಾಗ ಈ ಎರಡೂ ನೆನಪಿರಲಿ.

ಫಾರಂ ಮೊದಲು, ಯಂತ್ರ ಆಮೇಲೆ

ಬಿತ್ತನೆಗೆ ಮುಂಚೆ ಕಣ ಮಾಡುವವರಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ತೀರ್ಮಾನವಾಗದೆ ಸಾಫ್ಟ್‌ವೇರ್ ಹುಡುಕಬೇಡಿ. ನಾಲ್ಕು ಎಡವುವ ಜಾಗಗಳನ್ನು ಹೇಳುತ್ತೇನೆ. ಯಾವ ಸಾಫ್ಟ್‌ವೇರ್ ತಂದರೂ ಇವು ತಪ್ಪಿದ್ದಲ್ಲ.

ಮೊದಲನೆಯದು ಜಮೀನಿನ ಅಳತೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಾವು 2.20 ಎಂದು ಬರೆಯುತ್ತೇವೆ. ಕಂಪ್ಯೂಟರಿಗೆ ಗುಂಟೆ ಗೊತ್ತಿಲ್ಲ. ಅದು ಎರಡು ಎಕರೆ ಎಂಟು ಗುಂಟೆ ಎಂದು ತಿಳಿಯುತ್ತದೆ. ನಿಜವಾಗಿ ಅದು ಎರಡೂವರೆ ಎಕರೆ. ಅಲ್ಲಿಗೆ ಎಕರೆವಾರು ಖರ್ಚು ಪೂರಾ ತಪ್ಪಿತು. ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಕಾಲಂ ಇಡಿ, 40ರಿಂದ ಭಾಗಿಸುವುದನ್ನು ಯಂತ್ರಕ್ಕೆ ಬಿಡಿ. ಸರ್ವೆ ನಂಬರು 5/2 ಎಂದು ಎಕ್ಸೆಲ್‌ನಲ್ಲಿ ಹಾಗೇ ಹೊಡೆದರೆ ಅದು ತಾರೀಖಾಗಿ ಕೂರುತ್ತದೆ. ಆ ಕಾಲಂ ಅಕ್ಷರದ ಕಾಲಂ ಎಂದು ಮೊದಲೇ ಹೇಳಿಟ್ಟಿರಬೇಕು. ಇದು ನಮಗೆ ಮಾತ್ರ ಬಂದ ಕಷ್ಟವಲ್ಲ. ಮನುಷ್ಯರ ವಂಶವಾಹಿಗಳ ಕೆಲವು ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡುತ್ತಿತ್ತು. ಕಡೆಗೆ ವಿಜ್ಞಾನಿಗಳು ಆ ಹೆಸರುಗಳನ್ನೇ ಬದಲಿಸಿದರು ಎಂದು 2020ರಲ್ಲಿ ಸುದ್ದಿಯಾಯಿತು.

ಎರಡನೆಯದು ಖಾಲಿ ಮತ್ತು ಸೊನ್ನೆ. "ಸಾಲ ಇಲ್ಲ" ಎನ್ನುವವನೇ ಬೇರೆ, "ಹೇಳೋದಿಲ್ಲ ಹೋಗಪ್ಪ" ಎನ್ನುವವನೇ ಬೇರೆ. ಹತ್ತು ಮನೆಯಲ್ಲಿ ಎರಡು ಮನೆಯವರು ಹೇಳಲಿಲ್ಲ, ಉಳಿದ ಎಂಟು ಮನೆಯ ಸಾಲ ಒಟ್ಟು 8 ಲಕ್ಷ ಎನ್ನಿ. ಹೇಳದವರನ್ನು ಖಾಲಿ ಬಿಟ್ಟರೆ ಸರಾಸರಿ 1 ಲಕ್ಷ. ಅಲ್ಲಿ ಸೊನ್ನೆ ತುಂಬಿದರೆ 80 ಸಾವಿರ. ಒಂದು ಬೆರಳಿನ ಕೆಲಸದಲ್ಲಿ ನಮ್ಮ ಸಾಲ ನೂರಕ್ಕೆ ಇಪ್ಪತ್ತು ಕಡಿಮೆಯಾಯಿತು! ಬ್ಯಾಂಕಿನವರೂ ಇಷ್ಟು ಬೇಗ ರಿಯಾಯಿತಿ ಕೊಡುವುದಿಲ್ಲ.

ಮೂರನೆಯದು ಒಂದು ಮನೆ, ಹಲವು ಸಾಲ. ಸೊಸೈಟಿಯ ಬೆಳೆ ಸಾಲ, ಬ್ಯಾಂಕಿನ ಒಡವೆ ಸಾಲ, ಹೆಂಗಸರ ಸಂಘದ ಸಾಲ, ಗೊಬ್ಬರದ ಅಂಗಡಿ ಬಾಕಿ, ಮಂಡಿಯವನ ಮುಂಗಡ, ನೆಂಟರ ಕೈಸಾಲ. ಇವನ್ನೆಲ್ಲ ಒಂದೇ ಸಾಲಿನಲ್ಲಿ ತುರುಕಿದರೆ ಬಡ್ಡಿ ಯಾವುದಕ್ಕೆ ಎಷ್ಟು ಎಂದು ಆಮೇಲೆ ಬಿಡಿಸಲಾಗುವುದಿಲ್ಲ. ಮನೆಗೆ ಒಂದು ಪಟ್ಟಿ, ಸಾಲಕ್ಕೆ ಇನ್ನೊಂದು ಪಟ್ಟಿ, ಎರಡಕ್ಕೂ ಒಂದೇ ಮನೆ ಸಂಖ್ಯೆ. ಈ ಎರಡು ಪಟ್ಟಿಗಳನ್ನು ಜೋಡಿಸಲು ಬರುವ ಸಾಫ್ಟ್‌ವೇರ್ ನಮಗೆ ಬೇಕು.

ನಾಲ್ಕನೆಯದು ಬೇಸಾಯದ ಖರ್ಚು. ಕೈಯಿಂದ ಕೊಟ್ಟ ಖರ್ಚು ಎ2. ಅದಕ್ಕೆ ಮನೆಯವರ ದುಡಿಮೆ ಸೇರಿಸಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಹಿಡಿದರೆ ಸಿ2. 2025-26ಕ್ಕೆ ರಾಗಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಸಾರಿತು. ಅದಕ್ಕೆ ಹಿಡಿದ ಖರ್ಚು 3,257 ರೂಪಾಯಿ. ಒಂದೂವರೆ ಪಟ್ಟು ಕೊಟ್ಟೆವು ಎಂದರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಎ2 ಪ್ಲಸ್ ಎಫ್‌ಎಲ್ ಮೇಲಿನ ಒಂದೂವರೆ ಪಟ್ಟು. ನಾವು ಕೇಳುತ್ತಾ ಬಂದಿರುವುದು ಸಿ2 ಮೇಲೆ. ಯಾವ ಕಾಲಂ ಕೂಡಿಸಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು ಮನುಷ್ಯರು. ಯಂತ್ರ ಹೇಳಿದ್ದನ್ನು ಕೂಡುತ್ತದೆ, ಅಷ್ಟೇ. ಆದ್ದರಿಂದ ಖರ್ಚುಗಳನ್ನು ಬಿಡಿ ಬಿಡಿ ಕಾಲಂನಲ್ಲಿ ಇಡಿ. ಮೂರು ಲೆಕ್ಕವನ್ನೂ ಅದೇ ಪಟ್ಟಿಯಿಂದ ತೆಗೆದು ಎದುರಿಗಿಡಲು ಬರಬೇಕು.

ಸರಾಸರಿ ಎಂಬ ಮೋಸ, ತೂಕ ಎಂಬ ನ್ಯಾಯ

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಹತ್ತು ಮನೆ. ಸಾಲ ಸಾವಿರಗಳಲ್ಲಿ 20, 30, 40, 50, 60, 70, 80, 90, 110, ಮತ್ತೆ ಕೊನೆಯ ಮನೆಗೆ 1,450. ಕೂಡಿಸಿ ಹತ್ತರಿಂದ ಭಾಗಿಸಿ: ಸರಾಸರಿ 2 ಲಕ್ಷ. ಆದರೆ ಹತ್ತರಲ್ಲಿ ಒಂಬತ್ತು ಮನೆಯ ಸಾಲ ಸರಾಸರಿಗಿಂತ ಕೆಳಗಿದೆ. ಸಾಲುಗಟ್ಟಿ ನಿಲ್ಲಿಸಿ ನಡುವಿನ ಮನೆ ನೋಡಿದರೆ 65 ಸಾವಿರ. ನಡುವಿನ ಮನೆಯ ಲೆಕ್ಕವನ್ನೂ ಸರಾಸರಿಯ ಜೊತೆಗೆ ಕೊಡಬೇಕು. ಇದನ್ನು ಎಲ್ಲ ಸಾಫ್ಟ್‌ವೇರ್‌ಗಳೂ ಮಾಡುತ್ತವೆ, ಕೇಳಬೇಕಷ್ಟೇ.

ಇದಕ್ಕಿಂತ ಮುಖ್ಯವಾದದ್ದು ತೂಕ. ಒಂದು ಊರಲ್ಲಿ 300 ಸಣ್ಣ ಹಿಡುವಳಿ, 100 ದೊಡ್ಡ ಹಿಡುವಳಿ ಇವೆ ಎನ್ನಿ. ಎಲ್ಲ ಮನೆಗೆ ಹೋಗಲಾಗದೆ ಎರಡೂ ಗುಂಪಿನಿಂದ ಚೀಟಿ ಎತ್ತಿ 20-20 ಮನೆಗೆ ಹೋದಿರಿ. ಸಣ್ಣವರ ಸರಾಸರಿ ಸಾಲ 60 ಸಾವಿರ, ದೊಡ್ಡವರದು 3 ಲಕ್ಷ. ನಲವತ್ತು ಮನೆಯನ್ನೂ ಸುಮ್ಮನೆ ಕೂಡಿ ಭಾಗಿಸಿದರೆ 1 ಲಕ್ಷ 80 ಸಾವಿರ ಬರುತ್ತದೆ. ಇದು ಊರಿನ ಲೆಕ್ಕವೇ? ಅಲ್ಲ. ಸಣ್ಣ ಹಿಡುವಳಿಯ ಒಂದು ಮನೆ 15 ಮನೆಗಳ ಪರವಾಗಿ ಮಾತಾಡುತ್ತಿದೆ, ದೊಡ್ಡ ಹಿಡುವಳಿಯ ಒಂದು ಮನೆ 5 ಮನೆಗಳ ಪರವಾಗಿ. ಆ ತೂಕ ಹಾಕಿದರೆ ಸರಾಸರಿ 1 ಲಕ್ಷ 20 ಸಾವಿರ. ಜಾಸ್ತಿ ಸಂಖ್ಯೆ ಬಂದರೆ ನಮಗೇ ಲಾಭವಲ್ಲವೇ ಎಂದು ಯಾರಾದರೂ ಅಂದುಕೊಂಡರೆ ಆ ಆಸೆ ಬಿಡಿ. ಸಿಕ್ಕಿಬಿದ್ದ ದಿನ ಆ 60 ಸಾವಿರದ ಜೊತೆಗೆ ಉಳಿದ 1 ಲಕ್ಷ 20 ಸಾವಿರವೂ ಹೋಗುತ್ತದೆ.

ಸರ್ಕಾರದ ಸಮೀಕ್ಷೆಯೂ ಹೀಗೇ ನಡೆಯುವುದು. ಹೋದ 45 ಸಾವಿರ ಚಿಲ್ಲರೆ ಮನೆಗಳಿಂದ ದೇಶದ 9.3 ಕೋಟಿ ಬೇಸಾಯದ ಕುಟುಂಬಗಳ ಲೆಕ್ಕ ಬಂದದ್ದು ತೂಕದಿಂದ. ಸರಾಸರಿ ಒಂದು ಮನೆ ಸುಮಾರು ಎರಡು ಸಾವಿರ ಮನೆಗಳ ಪರವಾಗಿ ನಿಂತಿದೆ. ಆ ಸಮೀಕ್ಷೆಯ ಬಿಡಿ ಮನೆಗಳ ಅಂಕಿಗಳು, ಹೆಸರು ತೆಗೆದು, ತೂಕದ ಸಮೇತ, ಕೇಂದ್ರದ ಅಂಕಿಅಂಶ ಸಚಿವಾಲಯದಿಂದ ದುಡ್ಡಿಲ್ಲದೆ ಸಿಗುತ್ತವೆ. ತೂಕ ಹಾಕಲು ಗೊತ್ತಿದ್ದರೆ ಅವರ ಲೆಕ್ಕವನ್ನು ನಾವೂ ಹಾಕಿ ನೋಡಬಹುದು.

ಇನ್ನೊಂದು ಸೂಕ್ಷ್ಮ. ಹತ್ತು ಊರು ಆರಿಸಿ ಊರಿಗೆ ಇಪ್ಪತ್ತರಂತೆ 200 ಮನೆ ನೋಡುವುದೂ, ತಾಲ್ಲೂಕಿನ ಉದ್ದಗಲಕ್ಕೆ ಚದುರಿದ 200 ಮನೆ ನೋಡುವುದೂ ಒಂದೇ ಅಲ್ಲ. ಒಂದೇ ಊರಿನವರಿಗೆ ಒಂದೇ ಸೊಸೈಟಿ, ಒಂದೇ ಕೆರೆ, ಒಂದೇ ಬೆಳೆ. ಸಾಲವೂ ಒಂದೇ ತರಹ ಇರುತ್ತದೆ. ಹಾಗಾಗಿ ನಮ್ಮ ಸಂಖ್ಯೆ ಎಷ್ಟು ಮೇಲೆ ಕೆಳಗೆ ಆಗಬಹುದು ಎಂಬ ಅಂದಾಜು ಹಾಕುವಾಗ ಊರಿನ ಗುಂಪನ್ನು ಸಾಫ್ಟ್‌ವೇರ್‌ಗೆ ತಿಳಿಸಬೇಕು. ಇದು ತಿಳಿಯದ ಸಾಫ್ಟ್‌ವೇರ್ ನಮ್ಮ ಸಂಖ್ಯೆ ಇರುವುದಕ್ಕಿಂತ ಗಟ್ಟಿ ಎಂದು ಸುಳ್ಳು ಧೈರ್ಯ ಕೊಡುತ್ತದೆ.

ಯಾವುದು ಯಾವ ಕೆಲಸಕ್ಕೆ

ಎಕ್ಸೆಲ್, ಅಥವಾ ದುಡ್ಡಿಲ್ಲದೆ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್. ಒಂದೇ ಊರು, ಎಲ್ಲ ಮನೆಗೂ ಹೋಗಿದ್ದೀರಿ, ಮೊತ್ತ ಮತ್ತು ಸರಾಸರಿ ಸಾಕು ಎಂದರೆ ಇದು ಧಾರಾಳವಾಯಿತು. ಲಿಬ್ರೆ ಆಫೀಸ್ ಕನ್ನಡದಲ್ಲೂ ಇದೆ. ದೋಷ ಏನೆಂದರೆ ಯಾರು ಯಾವ ಚೌಕ ಬದಲಾಯಿಸಿದರು ಎಂಬ ಗುರುತು ಸುಲಭಕ್ಕೆ ಉಳಿಯುವುದಿಲ್ಲ. ಮೂಲ ಹಾಳೆಯನ್ನು ಮುಟ್ಟದೆ ಬೇರೆ ಇಟ್ಟು, ನಕಲಿನ ಮೇಲೆ ಲೆಕ್ಕ ಮಾಡಿ.

ಎಸ್‌ಪಿಎಸ್‌ಎಸ್. ನಿಮ್ಮ ಮಕ್ಕಳು ಕಾಲೇಜಿನಲ್ಲಿ ಕೇಳಿರುವ ಹೆಸರು. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿತು, 2009ರಲ್ಲಿ ಐಬಿಎಂ ಕಂಪನಿ ಕೊಂಡುಕೊಂಡಿತು. ಕಲಿಯಲು ಸುಲಭ, ಆದರೆ ದುಡ್ಡು ಕೊಡಬೇಕು. ಊರಿನ ಗುಂಪು, ತೂಕಗಳ ಸರಿಯಾದ ಅಂದಾಜಿಗೆ ಅದರಲ್ಲಿ ಬೇರೆಯೇ ಒಂದು ಭಾಗ ಬೇಕು. ಚಂದಾ ಮುಗಿದ ದಿನ ನಮ್ಮ ಕೆಲಸ ನಿಂತರೆ, ಅದು ಬಾಡಿಗೆ ಟ್ರ್ಯಾಕ್ಟರಿನ ಮೇಲೆ ಬಿತ್ತನೆ ನಂಬಿದ ಹಾಗೆ. ಅದರ ಫೈಲುಗಳನ್ನು ತೆರೆಯುವ, ದುಡ್ಡಿಲ್ಲದ ಪಿಎಸ್‌ಪಿಪಿ ಎಂಬುದೊಂದಿದೆ. ಸಾಮಾನ್ಯ ಪಟ್ಟಿಗಳಿಗೆ ಅದು ಸಾಕು.

ಎಸ್‌ಎಎಸ್. ಇದು ಹುಟ್ಟಿದ್ದೇ ಹೊಲದ ಲೆಕ್ಕಕ್ಕೆ. 1960ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೃಷಿ ಸಂಶೋಧನೆಯ ಅಂಕಿಗಳಿಗಾಗಿ ಕಟ್ಟಿದ್ದು, 1976ರಲ್ಲಿ ಕಂಪನಿಯಾಯಿತು. ದೊಡ್ಡ ದೊಡ್ಡ ಸಂಸ್ಥೆಗಳ ಸರಕು, ನಮ್ಮ ಕಿಸೆಗಲ್ಲ.

ಆರ್. 1990ರ ದಶಕದ ಮೊದಲಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು ಕಟ್ಟಿದ್ದು. ದುಡ್ಡಿಲ್ಲ, ಚಂದಾ ಇಲ್ಲ, ಯಾರೂ ಬೀಗ ಹಾಕುವ ಹಾಗಿಲ್ಲ. ತೂಕ, ಊರಿನ ಗುಂಪು ಎಲ್ಲ ತಿಳಿಯುವ 'ಸರ್ವೆ' ಎಂಬ ಜೋಡಣೆ ಇದಕ್ಕೆ ಇದೆ, ಥಾಮಸ್ ಲಮ್ಲಿ ಎಂಬವರು ಬರೆದದ್ದು. ಎರಡು ಪಟ್ಟಿಗಳನ್ನು ಜೋಡಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣ, ಮಾಡಿದ ಪ್ರತಿ ಕೆಲಸವೂ ಬರಹದಲ್ಲಿ ಉಳಿಯುತ್ತದೆ. ಆ ಬರಹವನ್ನು ಇನ್ನೊಬ್ಬ ಓಡಿಸಿದರೆ ಅದೇ ಉತ್ತರ ಬರಬೇಕು. ಕಷ್ಟವೂ ಇದೆ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಕಲಿಯಲು ಕೆಲವು ವಾರ ಕೂರಬೇಕು.

ಫಾರಂ ತುಂಬಿಸಲು ಮೊಬೈಲಿನಲ್ಲಿ ಓಡುವ ಓಡಿಕೆ, ಕೋಬೊ ಇವೆ. ನೆಟ್‌ವರ್ಕ್ ಇಲ್ಲದ ಊರಲ್ಲೂ ತುಂಬಿ, ಆಮೇಲೆ ಕಳಿಸಬಹುದು. ಕನ್ನಡದಲ್ಲೇ ಪ್ರಶ್ನೆ ಇಡಬಹುದು. 40ಕ್ಕಿಂತ ಹೆಚ್ಚು ಗುಂಟೆ ಹೊಡೆದರೆ ಬೇಡ ಎನ್ನುವ ಕಾವಲನ್ನೂ ಇಡಬಹುದು. ಒಂದು ಮನೆಯ ಹಲವು ಸಾಲಗಳನ್ನು ಬೇರೆ ಪಟ್ಟಿಯಾಗಿಯೇ ಕೊಡುತ್ತವೆ. ಕನ್ನಡ ಹೊಡೆಯುವಾಗ ಯೂನಿಕೋಡ್‌ನಲ್ಲೇ ಹೊಡೆಯಿರಿ. ಹಳೆಯ ಫಾಂಟಿನಲ್ಲಿ ಹೊಡೆದ ಊರಿನ ಹೆಸರು ಇನ್ನೊಂದು ಸಾಫ್ಟ್‌ವೇರ್‌ಗೆ ಹೋದರೆ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತದೆ.

ನನ್ನ ಸಲಹೆ ಕೇಳಿದರೆ: ಒಂದು ಊರಿನ ಸಮೀಕ್ಷೆಗೆ ಕ್ಯಾಲ್ಕ್ ಅಥವಾ ಎಕ್ಸೆಲ್. ತಾಲ್ಲೂಕಿನ ಸಮೀಕ್ಷೆಗೆ ಮೊಬೈಲ್ ಫಾರಂ, ಮತ್ತು ಆರ್. ತಾಲ್ಲೂಕಿಗೆ ಒಬ್ಬರಲ್ಲ, ಇಬ್ಬರು ಕಲಿಯಲಿ. ಒಬ್ಬನು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಲೆಕ್ಕ ಅವನ ಜೊತೆ ಬಸ್ಸು ಹತ್ತಬಾರದು. ಹೆಣ್ಣುಮಕ್ಕಳನ್ನು ಕೂರಿಸಿ. ಸಂಘದ ಸಾಲದ ವಾರದ ಕಂತು ಕಟ್ಟುವವರು ಅವರು, ಆ ಲೆಕ್ಕ ಗಂಡಸರಿಗಿಂತ ಚೆನ್ನಾಗಿ ಗೊತ್ತು.

ಹೆಸರು ಬೇರೆ, ಲೆಕ್ಕ ಬೇರೆ

"ಈಗ ಎಐ ಬಂದಿದೆಯಲ್ಲ, ಅದಕ್ಕೇ ಕೊಟ್ಟುಬಿಡೋಣ" ಎನ್ನುವವರಿದ್ದಾರೆ. ಆರ್‌ನಲ್ಲಿ ಹೇಗೆ ಬರೆಯಬೇಕು ಎಂದು ಕೇಳಿ, ಹೇಳಿಕೊಡುತ್ತದೆ. ಆದರೆ ಹೇಳಿದ್ದೆಲ್ಲ ಸರಿ ಇರುವುದಿಲ್ಲ, ಕೈಲೆಕ್ಕದ ಜೊತೆ ಹೋಲಿಸಿಯೇ ನಂಬಬೇಕು. ಮನೆಗಳ ಪಟ್ಟಿಯನ್ನು ಮಾತ್ರ ಅದಕ್ಕೆ ಹಾಕಬೇಡಿ. ಯಾರ ಮನೆಯಲ್ಲಿ ಎಷ್ಟು ಸಾಲ, ಯಾರ ಒಡವೆ ಎಲ್ಲಿ ಅಡ ಇದೆ ಎಂಬುದು ವಸೂಲಿಯವನ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೆಸರು, ಫೋನ್ ನಂಬರಿನ ಪಟ್ಟಿ ಬೀರುವಿನಲ್ಲಿ ಕಾಗದದ ಮೇಲೆ ಇರಲಿ. ಆಧಾರ್ ಕೇಳಲೇಬೇಡಿ. ಕಂಪ್ಯೂಟರಿನಲ್ಲಿ ಮನೆ ಸಂಖ್ಯೆ ಮಾತ್ರ ಸಾಕು. ನಮ್ಮನ್ನು ನಂಬಿ ಸಾಲ ಹೇಳಿದ ಮನೆಗೆ ನಮ್ಮಿಂದ ಕೇಡಾಗಬಾರದು.

ಆರಿಸುವ ಮುಂಚೆ ಈ ಐದು ಕೇಳಿ. ನಾಳೆ ಇದನ್ನು ಬಿಟ್ಟರೆ ನಮ್ಮ ಅಂಕಿ ಸಾದಾ ಫೈಲಿನಲ್ಲಿ, ಸಿಎಸ್‌ವಿ ಅಂತಾರಲ್ಲ, ಅದರಲ್ಲಿ ಹೊರಗೆ ಬರುತ್ತದೆಯೇ? ಮಾಡಿದ ಕೆಲಸದ ಬರಹ ಉಳಿಯುತ್ತದೆಯೇ? ತೂಕ ಮತ್ತು ಊರಿನ ಗುಂಪು ಇದಕ್ಕೆ ತಿಳಿಯುತ್ತದೆಯೇ? ಖಾಲಿ ಯಾವುದು, ಸೊನ್ನೆ ಯಾವುದು ಎಂದು ಗೊತ್ತಾಗುತ್ತದೆಯೇ? ನಮ್ಮ ತಾಲ್ಲೂಕಿನಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ, ವರ್ಷ ವರ್ಷ ದುಡ್ಡು ಕಟ್ಟದೆ ಇದನ್ನು ಓಡಿಸುವವರು ಇದ್ದಾರೆಯೇ?

ಐದಕ್ಕೂ ಹೌದು ಎಂದರೂ ಒಂದು ಪರೀಕ್ಷೆ ಬಾಕಿ. ಹತ್ತು ಮನೆಯ ಫಾರಂ ತೆಗೆದುಕೊಂಡು ಕಾಗದದ ಮೇಲೆ ಕೈಯಲ್ಲೇ ಲೆಕ್ಕ ಹಾಕಿ. ಒಟ್ಟು ಸಾಲ, ಸರಾಸರಿ, ನಡುವಿನ ಮನೆ, ಎಕರೆ ಖರ್ಚು. ಅದೇ ಹತ್ತು ಮನೆಯನ್ನು ಸಾಫ್ಟ್‌ವೇರ್‌ಗೆ ಕೊಡಿ. ಎರಡೂ ಉತ್ತರ ಒಂದೇ ಬರುವವರೆಗೆ ಹನ್ನೊಂದನೆಯ ಮನೆಯ ಫಾರಂ ಮುಟ್ಟಬೇಡಿ. ಕಾಲೇಜಿನವರ ಸಹಾಯ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ, ಆದರೆ ಅಂಕಿಯ ಮೂಲ ಪ್ರತಿಯೂ ಲೆಕ್ಕದ ಬರಹವೂ ಸಂಘದ ಹತ್ತಿರವೇ ಇರಲಿ.

ಮುಂದಿನ ತಿಂಗಳ ಸಭೆಗೆ ಪ್ರತಿ ಹೋಬಳಿಯವರೂ ಹತ್ತು ಮನೆಯ ಕೈಲೆಕ್ಕ ತನ್ನಿ, ಹೆಸರು ಬರೆಯದೆ. ಅಲ್ಲೇ ಕೂತು ಕಂಪ್ಯೂಟರಿಗೆ ಹಾಕಿ ನೋಡೋಣ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಂದ ಕೆಲಸ ಶುರು ಮಾಡೋಣ.